ಸೆನೆಟರುಗಳ ಕಾಗದಪತ್ರ ಯಾರ ಸ್ವತ್ತು?

ಅಮೆರಿಕಾದ ಸೆನೆಟ್ ಸಭೆ ಧನಿಕರ ಕೂಟವೆಂದು ನಮ್ಮ ಸಭೆಗಳಲ್ಲಿ ಮತ್ತೆ ಮತ್ತೆ ಹೇಳುತ್ತೇವೆ. ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಧನಿಕರ ಗುಟ್ಟನ್ನು ಬಯಲಿಗೆಳೆದ ಕಾಗದಗಳೂ ಚಿತ್ರಗಳೂ ಅದೇ ಕೂಟದ ದಫ್ತರಗಳಲ್ಲಿ ಕಟ್ಟುಕಟ್ಟಾಗಿ ಬಿದ್ದಿವೆ ಎಂಬುದೂ ಸುಳ್ಳಲ್ಲ. ಗಿರಣಿಯಲ್ಲಿ ದುಡಿಯುವವರಾಗಲಿ, ಕಿರ್ದಿ ಖಾತೆ ಬರೆದು ಅಂಗಡಿ ನಡೆಸುವವರಾಗಲಿ, ಈ ದಫ್ತರದ ಕಥೆಯನ್ನು ಒಮ್ಮೆ ಕೇಳುವುದು ಮೇಲು. ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆಯೋ ಅವನು ಹೇಳಿದ್ದೇ ಬಾಕಿ ಎಂಬುದನ್ನು ನಮ್ಮ ಚಿಲ್ಲರೆ ವ್ಯಾಪಾರಿಗಳಿಗೆ ನಾನು ವಿವರಿಸಬೇಕಾಗಿಲ್ಲ.

1936ರಲ್ಲಿ ಸೆನೆಟ್ ಸಭೆ ಒಂದು ಉಪಸಮಿತಿಯನ್ನು ನೇಮಿಸಿತು. ಕಾರ್ಮಿಕರ ಸಂಘಟನೆಯ ಹಕ್ಕಿಗೂ ವಾಕ್ ಸ್ವಾತಂತ್ರ್ಯಕ್ಕೂ ಯಾರು ಯಾರು ಅಡ್ಡಿ ಮಾಡುತ್ತಿದ್ದಾರೆಂದು ವಿಚಾರಿಸುವುದು ಅದರ ಕೆಲಸ. ವಿಸ್ಕಾನ್ಸಿನ್ ರಾಜ್ಯದ ಸೆನೆಟರ್ ರಾಬರ್ಟ್ ಲಾ ಫೊಲೆಟ್ (ಕಿರಿಯ) ಅಧ್ಯಕ್ಷರು. ಯೂಟಾ ರಾಜ್ಯದ ಎಲ್ಬರ್ಟ್ ಥಾಮಸ್ ಅವರ ಜೊತೆಗಾರರು. ಈ ಥಾಮಸ್ ಮೊದಲು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದವರು. ಮೇಷ್ಟರಾದವರು ಬೇರೆ ಕೆಲಸಕ್ಕೆ ಬಾರರೆಂದು ಹಂಗಿಸುವವರು ಇದನ್ನು ಗಮನಿಸಲಿ!

ಈ ಸಮಿತಿಗೆ ಸಾಕ್ಷಿಗಳನ್ನು ಕರೆಸಿ ಪ್ರಮಾಣ ಮಾಡಿಸುವ, ಸಮನ್ಸು ಕಳಿಸಿ ಕಾಗದ ತರಿಸುವ ಅಧಿಕಾರವಿತ್ತು. ಮಾಲೀಕರಿಗೆ ಗೂಢಚಾರರನ್ನು ಒದಗಿಸುವ ಪತ್ತೇದಾರಿ ಕಂಪನಿಗಳಿಗೆ ಸಮನ್ಸು ಹೋದದ್ದೇ ತಡ, ಕಾಗದಗಳು ಹರಿದು ಕಸದ ಬುಟ್ಟಿ ಸೇರತೊಡಗಿದವು. ಸಮಿತಿಯ ನೌಕರರು ಸುಮ್ಮನಿರಲಿಲ್ಲ. ಆ ಕಸವನ್ನೇ ಎತ್ತಿ ತಂದು, ಚೂರಿಗೆ ಚೂರು ಹೊಂದಿಸಿ ಅಂಟಿಸಿ ಓದಿದರು. ಜನರಲ್ ಮೋಟಾರ್ಸ್ ಎಂಬ ಮೋಟಾರು ಕಂಪನಿ 1934ರ ಜನವರಿಯಿಂದ 1936ರ ಜುಲೈವರೆಗೆ ಇಂಥ ಪತ್ತೇದಾರಿ ಕಂಪನಿಗಳಿಗೆ ಸುರಿದ ಹಣ ಸುಮಾರು 10 ಲಕ್ಷ ಡಾಲರ್ ಎಂದು ಲೆಕ್ಕ ಹೊರಬಿತ್ತು. ಸಂಘದ ಸಭೆಯಲ್ಲಿ ಪಕ್ಕದಲ್ಲಿ ಕುಳಿತು ಚಪ್ಪಾಳೆ ತಟ್ಟುವವನೇ ರಾತ್ರಿ ಧಣಿಗೆ ವರದಿ ಬರೆಯುತ್ತಿದ್ದನೆಂದು ಕಾರ್ಮಿಕರು ತಿಳಿದದ್ದು ಆ ಕಾಗದಗಳಿಂದ.

ಇನ್ನು ಚಿತ್ರದ ಸಂಗತಿ. ಅದೇ ಇಲ್ಲಿ ಮುಖ್ಯ.

1937ರ ಮೇ ತಿಂಗಳಲ್ಲಿ ರಿಪಬ್ಲಿಕ್ ಸ್ಟೀಲ್ ಮೊದಲಾದ ಉಕ್ಕಿನ ಕಂಪನಿಗಳಲ್ಲಿ ಮುಷ್ಕರ ಹೂಡಲಾಯಿತು. ಎಲ್ಲಕ್ಕಿಂತ ದೊಡ್ಡದಾದ ಉಕ್ಕಿನ ಕಂಪನಿ ಆ ಮಾರ್ಚಿಯಲ್ಲೇ ಸಂಘದೊಡನೆ ಒಪ್ಪಂದಕ್ಕೆ ಬಂದಿತ್ತು. ಇವರು ಮಾತ್ರ ಸಹಿ ಹಾಕಲಾರೆವೆಂದರು. ಮೇ 30, ಭಾನುವಾರ, ಯುದ್ಧದಲ್ಲಿ ಮಡಿದವರನ್ನು ಅಲ್ಲಿಯ ಜನ ಸ್ಮರಿಸುವ ದಿನ. ಷಿಕಾಗೋ ನಗರದ ದಕ್ಷಿಣ ಭಾಗದಲ್ಲಿ ಮುಷ್ಕರದವರು ಸಭೆ ಸೇರಿ, ಹೆಂಗಸರು ಮಕ್ಕಳ ಸಮೇತ ಬಯಲು ಹಾಯ್ದು ಕಾರ್ಖಾನೆಯ ಕಡೆಗೆ ಮೆರವಣಿಗೆ ಹೊರಟರು. ಪೊಲೀಸರು ಅಡ್ಡಗಟ್ಟಿದರು. ಕೆಲವು ನಿಮಿಷ ಮಾತುಕತೆ ನಡೆಯಿತು; ಆಮೇಲೆ ಗುಂಡು ಹಾರಿತು. ಸತ್ತವರು 10 ಮಂದಿ. ಗುಂಡೇಟು ತಿಂದು ಉಳಿದವರು ಇನ್ನೂ ಹಲವರು.

ಮರುದಿನದ ದೊಡ್ಡ ಪತ್ರಿಕೆಗಳು ಏನು ಬರೆದವು? ದೊಂಬಿಯ ಗುಂಪು ಪೊಲೀಸರ ಮೇಲೆ ಏರಿಬಂತು, ಅವರು ಜೀವ ಉಳಿಸಿಕೊಳ್ಳಲು ಗುಂಡು ಹಾರಿಸಿದರು, ಎಂದು. ಸಾವಿನ ವಿಚಾರಣೆ ಮಾಡಿದ ಪಂಚರೂ ಹತ್ಯೆ ನ್ಯಾಯವಾದದ್ದೇ ಎಂದು ಷರಾ ಬರೆದರು.

ಆದರೆ ಆ ಬಯಲಿನಲ್ಲಿ ಪ್ಯಾರಮೌಂಟ್ ಕಂಪನಿಯ ಒಬ್ಬ ಕ್ಯಾಮರಾದವನಿದ್ದ. ಅವನು ತೆಗೆದ ಫಿಲ್ಮನ್ನು ತೋರಿಸಿದರೆ ಜನ ಉದ್ರೇಕಗೊಂಡಾರೆಂದು ಹೇಳಿ ಕಂಪನಿ ಬಚ್ಚಿಟ್ಟಿತು. ಜನ ಉದ್ರೇಕಗೊಳ್ಳುವಂಥದ್ದು ಅದರಲ್ಲಿ ಇದ್ದಿತೆಂದು ಅವರೇ ಒಪ್ಪಿದಂತಾಯಿತಲ್ಲ! ಲಾ ಫೊಲೆಟ್ ಸಮಿತಿ ಸಮನ್ಸು ಕಳಿಸಿ ಫಿಲ್ಮನ್ನು ವಾಷಿಂಗ್ಟನ್ನಿಗೆ ತರಿಸಿ, ಜುಲೈ ಆರಂಭದಲ್ಲಿ ವಿಚಾರಣೆಯ ಕೋಣೆಯಲ್ಲೇ ಪರದೆಗೆ ಹಾಕಿಸಿತು. ಒಮ್ಮೆ ಸಹಜ ವೇಗದಲ್ಲಿ, ಮತ್ತೆ ನಿಧಾನವಾಗಿ. ಕ್ಯಾಮರಾದವನು ಲೆನ್ಸು ಬದಲಿಸುವ ಕೆಲವು ಕ್ಷಣಗಳಲ್ಲಿ ಮೊದಲ ಗುಂಡು ಹಾರಿದ್ದರಿಂದ ಆ ಒಂದು ಗಳಿಗೆ ಫಿಲ್ಮಿನಲ್ಲಿ ಇಲ್ಲ. ಅದರ ನಂತರದ್ದೆಲ್ಲ ಇದೆ: ಬೆನ್ನು ತಿರುಗಿಸಿ ಓಡುವ ಜನ, ಬಿದ್ದವರ ಮೇಲೆ ಬೀಳುವ ಲಾಠಿ. ಸಮಿತಿ ವೈದ್ಯರ ಸಾಕ್ಷ್ಯವನ್ನೂ ತೆಗೆದುಕೊಂಡಿತು. ಸತ್ತ 10 ಮಂದಿಯಲ್ಲಿ 7 ಮಂದಿಗೆ ಪ್ರಾಣ ತೆಗೆದ ಗುಂಡು ಬೆನ್ನಿಗೆ, 3 ಮಂದಿಗೆ ಪಕ್ಕೆಗೆ ಹೊಕ್ಕಿತ್ತು. ಎದುರಿನಿಂದ ತಗುಲಿ ಸತ್ತವನು ಒಬ್ಬನೂ ಇಲ್ಲ. ಏರಿಬಂದವನ ಬೆನ್ನಿಗೆ ಗುಂಡು ತಗಲುವುದು ಹೇಗೆ? ಇದೇ ರಿಪಬ್ಲಿಕ್ ಸ್ಟೀಲ್ ಕಂಪನಿ ಇಡೀ ಅಮೆರಿಕಾದಲ್ಲೇ ಎಲ್ಲರಿಗಿಂತ ಹೆಚ್ಚು ಅಶ್ರುವಾಯು ಖರೀದಿಸಿದ ಗಿರಾಕಿ ಎಂಬುದೂ ಸಮಿತಿಯ ವರದಿಯಲ್ಲಿದೆ.

ಪೊಲೀಸರಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಆ ವರ್ಷ ಮುಷ್ಕರವೂ ಸೋತಿತು. ಹಾಗಾದರೆ ಫಿಲ್ಮಿನಿಂದ ಬಂದ ಲಾಭವೇನೆಂದು ಕೇಳುವವರು ನಮ್ಮಲ್ಲೂ ಇದ್ದಾರೆ. ಸತ್ತವರನ್ನು ದೊಂಬಿಕೋರರೆಂದು ಕರೆಯುವ ಬಾಯಿ ಅಂದಿಗೆ ಕಟ್ಟಿತು. ಹತ್ತು ಮನೆಗಳ ಮಟ್ಟಿಗೆ ಅದು ಸಣ್ಣ ಲಾಭವಲ್ಲ. ಸಮಿತಿಯ ಕಾಗದಗಳು ಈಗ ಅಮೆರಿಕಾದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಫಿಲ್ಮನ್ನು 1997ರಲ್ಲಿ, ಕಾಪಾಡತಕ್ಕ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿದ್ದಾರೆ.

1946ರ ಚುನಾವಣೆಯಲ್ಲಿ ಪಕ್ಷದ ಅಭ್ಯರ್ಥಿಯ ಆಯ್ಕೆಯಲ್ಲೇ ಲಾ ಫೊಲೆಟ್ ಸೋತರು. ಸೋಲಿಸಿದಾತ ಜೋಸೆಫ್ ಮೆಕಾರ್ಥಿ. ಅದೇ ಕುರ್ಚಿ, ಅದೇ ಸಮಿತಿಯ ಅಧಿಕಾರ. ಆದರೆ ಸಮನ್ಸು ಈಗ ಹೋದದ್ದು ಲೇಖಕರಿಗೆ, ಗುಮಾಸ್ತರಿಗೆ, ಮೇಷ್ಟರುಗಳಿಗೆ. 1954ರ ಏಪ್ರಿಲಿನಲ್ಲಿ ಸೈನ್ಯದ ಇಲಾಖೆಗೂ ಈ ಮನುಷ್ಯನಿಗೂ ಜಗಳ ಹತ್ತಿ ವಿಚಾರಣೆ ನಡೆದಾಗ, ಆತನ ಕಡೆಯವರು ಒದಗಿಸಿದ ಒಂದು ಭಾವಚಿತ್ರ ಸಾಕ್ಷ್ಯವಾಗಿ ಬಂತು. ಸೈನ್ಯದ ಕಾರ್ಯದರ್ಶಿ ಸ್ಟೀವನ್ಸ್, ಮೆಕಾರ್ಥಿಯ ಬಳಿ ಮೊದಲು ಕೆಲಸಕ್ಕಿದ್ದ ಷೈನ್ ಎಂಬ ಸಾಮಾನ್ಯ ಸಿಪಾಯಿಯೊಡನೆ ಒಬ್ಬರೇ ನಿಂತಿರುವ ಚಿತ್ರ. ಎಷ್ಟು ಸಲಿಗೆ ನೋಡಿ, ಎಂಬುದು ಅದರ ಅರ್ಥ. ಮರುದಿನ ಸೈನ್ಯದ ವಕೀಲ ಜೋಸೆಫ್ ವೆಲ್ಚ್ ಮೂಲ ಚಿತ್ರವನ್ನು ತಂದಿಟ್ಟರು. ಪಕ್ಕದಲ್ಲಿ ಒಬ್ಬ ಕರ್ನಲ್ ನಿಂತಿದ್ದಾನೆ! ಅವನನ್ನು ಕತ್ತರಿಸಿ ತೆಗೆಯಲಾಗಿತ್ತು. ಮೂಲ ಪ್ರತಿ ಎಲ್ಲಿಯೋ ಗೋಡೆಯ ಮೇಲೆ ಉಳಿದಿದ್ದರಿಂದ ಕತ್ತರಿ ಸಿಕ್ಕಿಬಿತ್ತು. ಆ ಡಿಸೆಂಬರಿನಲ್ಲಿ ಸೆನೆಟ್ ಸಭೆ 67ಕ್ಕೆ 22 ಮತಗಳಿಂದ ಮೆಕಾರ್ಥಿಯನ್ನು ಖಂಡಿಸಿತು.

ಆತ ಮುಚ್ಚಿದ ಬಾಗಿಲ ಹಿಂದೆ ನಡೆಸಿದ ವಿಚಾರಣೆಗಳ ಕಡತ ಮಾತ್ರ ಜನರ ಕೈಗೆ ಬಂದದ್ದು 2003ರಲ್ಲಿ, 5 ಸಂಪುಟಗಳಾಗಿ. ಸೆನೆಟಿನ ನಿಯಮದಂತೆ ಸಮಿತಿಗಳ ಸಾಧಾರಣ ಕಾಗದ 20 ವರ್ಷಕ್ಕೆ ತೆರೆಯುತ್ತದೆ. ವ್ಯಕ್ತಿಗಳ ಖಾಸಗಿ ಸಂಗತಿಯುಳ್ಳ ತನಿಖೆಯ ಕಾಗದ 50 ವರ್ಷಕ್ಕೆ. ಸಾಕ್ಷಿಯ ಮಾನ ಕಾಯಬೇಕೆಂಬುದು ಸರಿ. ಆದರೆ ಮಾನ ಕಳೆದದ್ದೇ ಆ ವಿಚಾರಣೆ ಆಗಿರುವಾಗ ಬೀಗ ಯಾರನ್ನು ಕಾದಂತಾಯಿತು? ಅಲ್ಲಿ ಕಟಕಟೆಗೆ ನಿಂತ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1967ರಲ್ಲೇ ತೀರಿಕೊಂಡಿದ್ದರು, ಸಂಗೀತಕಾರ ಏರನ್ ಕೋಪ್ಲಂಡ್ 1990ರಲ್ಲಿ.

ಇದಕ್ಕಿಂತ ದೊಡ್ಡ ಸಂದು ಇನ್ನೊಂದಿದೆ. ಮೇಲೆ ಹೇಳಿದ್ದೆಲ್ಲ ಸಮಿತಿಯ ಕಾಗದದ ಮಾತು. ಸೆನೆಟರನ ಸ್ವಂತ ಕಚೇರಿಗೆ ಬರುವ ಪತ್ರಗಳು, ಧಣಿಗಳು ಬಂದುಹೋದ ದಿನಚರಿ, ತೆಗೆಸಿಕೊಂಡ ಚಿತ್ರಗಳು, ಇವೆಲ್ಲ ಆತನ ಖಾಸಗಿ ಸ್ವತ್ತು. ಮನಸ್ಸಿದ್ದರೆ ವಿಶ್ವವಿದ್ಯಾಲಯಕ್ಕೆ ಕೊಡಬಹುದು, ತನಗೆ ಬೇಕಾದ ಷರತ್ತು ಹಾಕಬಹುದು, ಒಲೆಗೂ ಹಾಕಬಹುದು. ಲಾ ಫೊಲೆಟ್ ಮನೆತನದ ಕಾಗದಗಳು ಅಮೆರಿಕಾದ ಕಾಂಗ್ರೆಸ್ ಪುಸ್ತಕಾಲಯಕ್ಕೆ ಸೇರಿದವು. ಅದು ಆ ಮನೆಯವರ ಸೌಜನ್ಯ, ಕಾಯಿದೆಯ ಬಲವಲ್ಲ. ಜನರ ತೆರಿಗೆಯ ಹಣದಿಂದ ಗುಮಾಸ್ತರನ್ನಿಟ್ಟು ಬರೆಸಿದ ಪತ್ರ ಜನರದ್ದಲ್ಲ ಎನ್ನುವುದು ಯಾವ ಲೆಕ್ಕ? ಅಧ್ಯಕ್ಷರ ಕಾಗದಗಳು ರಾಷ್ಟ್ರದ ಸ್ವತ್ತೆಂದು ಇದೇ ಸೆನೆಟರುಗಳು ಸೇರಿ 1978ರಲ್ಲಿ ಕಾಯಿದೆ ಮಾಡಿದರು. ತಮ್ಮ ಕಪಾಟಿನ ಸರದಿ ಬಂದಾಗ, 2008ರಲ್ಲಿ, ಸದಸ್ಯರು ತಮ್ಮ ಕಾಗದಗಳನ್ನು ಜೋಪಾನವಾಗಿಟ್ಟು ಯೋಗ್ಯ ಸಂಸ್ಥೆಗೆ ಒಪ್ಪಿಸುವುದು ಒಳ್ಳೆಯದೆಂದು ಒಂದು ನಿರ್ಣಯವನ್ನಷ್ಟೇ ಮಾಡಿದರು. ಒಪ್ಪಿಸದವನಿಗೆ ಏನು ಮಾಡಬೇಕೆಂದು ಅದರಲ್ಲಿ ಬರೆದಿಲ್ಲ.