ಅರತಿಯೂ ಪರಿಗ್ರಹವೇ

ಪ್ರಾಚೀನ ದೇಗುಲಗಳ ನಗರವೆಂದು ಭಾವಿಸಿ ಜಪಾನಿನ ಕ್ಯೋಟೊಗೆ ಮೊದಲ ಬಾರಿ ತೆರಳಿದವನನ್ನು ಗಾಜು-ಉಕ್ಕಿನ ಬೃಹತ್ ರೈಲು ನಿಲ್ದಾಣ ಎದುರುಗೊಳ್ಳುತ್ತದೆ. ಚಿನ್ನದ ರೇಕು ಹೊದ್ದ ಕಿಂಕಾಕು-ಜಿ ಮಂದಿರದ ಮುಂದೆ ಜನಜಂಗುಳಿ. ಆ ಮಂದಿರವೂ 1950ರಲ್ಲಿ ಬೆಂಕಿಗೆ ಆಹುತಿಯಾಗಿ 1955ರಲ್ಲಿ ಮರುನಿರ್ಮಾಣಗೊಂಡದ್ದೆಂದು ತಿಳಿದಾಗ ಅವನು ಖಿನ್ನನಾಗುತ್ತಾನೆ, ಮೋಸಹೋದೆನೆಂದು ಬಗೆಯುತ್ತಾನೆ. ನಗರ ಯಾರಿಗೂ ಮಾತು ಕೊಟ್ಟಿರಲಿಲ್ಲ.

ಜೈನ ಶಾಸ್ತ್ರ ಈ ಮನಃಸ್ಥಿತಿಯನ್ನು ‘ಅರತಿ’ ಎನ್ನುತ್ತದೆ. 9 ನೋಕಷಾಯಗಳಲ್ಲಿ ಅದೂ ಒಂದು. 14 ಅಂತರಂಗ ಪರಿಗ್ರಹಗಳಲ್ಲಿಯೂ ಅದರ ಎಣಿಕೆಯಿದೆ. ಹೊಲ, ಮನೆ, ಹೊನ್ನಿನಂತೆ ಬೇಸರವೂ ಒಂದು ಪರಿಗ್ರಹವೆಂಬುದು ಮೊದಲಿಗೆ ವಿಚಿತ್ರವೆನಿಸಬಹುದು. ಆದರೆ ಅವನು ಕಳೆದುಕೊಂಡದ್ದು ಮನೆಯಿಂದಲೇ ಹೊತ್ತು ತಂದಿದ್ದ ಒಂದು ಚಿತ್ರವನ್ನಲ್ಲವೇ? ಅದನ್ನು ತನ್ನದೆಂದುಕೊಂಡಿದ್ದರಿಂದಲೇ ನೋವು. ‘ರತಿ’ಯೂ ಅದೇ ಎಣಿಕೆಯಲ್ಲಿದೆ ಎಂಬುದನ್ನು ಮರೆಯಬಾರದು: ಕ್ಯೋಟೊ ಅವನ ಚಿತ್ರದಂತೆಯೇ ಇದ್ದು ಅವನು ಹಿಗ್ಗಿದ್ದರೂ ಆ ಹಿಗ್ಗು ಪರಿಗ್ರಹವೇ ಆಗುತ್ತಿತ್ತು.