ಕುಳಿತು ತೆಗೆಯೋಣ

ಭಾವಚಿತ್ರದಲ್ಲಿ ಎದುರಿಗಿದ್ದವರ ಮುಖ ಮಾತ್ರ ಮೂಡುತ್ತದೆಂದು ನಾವು ತಿಳಿದಿದ್ದೇವೆ. ತೆಗೆದವನು ಎಷ್ಟು ಎತ್ತರದಲ್ಲಿ ನಿಂತಿದ್ದನೆಂಬುದೂ ಅದರಲ್ಲಿ ಮೂಡಿರುತ್ತದೆ.

ಕದ್ರಾದ ನಮ್ಮ ಮನೆಯಲ್ಲಿ ಅಜ್ಜನದೆಂದು ಉಳಿದಿರುವುದು ಒಂದೇ ಚಿತ್ರ. ಜಗಲಿಯ ಮೆಟ್ಟಿಲ ಮೇಲೆ ಕುಳಿತವನನ್ನು ಯಾರೋ ನಿಂತೇ ತೆಗೆದಿದ್ದಾರೆ. ಹಣೆ ದೊಡ್ಡದು, ಗಲ್ಲ ಸಣ್ಣದು, ಕಾಲುಗಳು ಮೊಟಕು. ಕಣ್ಣುಗಳು ಏನನ್ನೋ ಬೇಡುವಂತೆ ಮೇಲಕ್ಕೆ ನೆಟ್ಟಿವೆ. ಅಜ್ಜ ಯಾರಲ್ಲಿಯೂ ಬೇಡಿದವನಲ್ಲ. ಅವನನ್ನು ಗೋಡೆಯ ಮೇಲೆ ಎತ್ತರದಲ್ಲಿ ತೂಗುಹಾಕಿದ್ದೇವೆ. ಅಲ್ಲಿಂದಲೂ ಅವನು ನಮ್ಮನ್ನು ತಲೆಯೆತ್ತಿಯೇ ನೋಡುತ್ತಾನೆ!

ಕಳೆದ ದೀಪಾವಳಿಗೆ ಅಜ್ಜಿಯ ಚಿತ್ರ ತೆಗೆದವನು ನಾನು. ನಾನೂ ನಿಂತೇ ಮೊಬೈಲು ಹಿಡಿದಿದ್ದೆ. “ನಾನು ಇಷ್ಟು ಗಿಡ್ಡಿಯೇನೋ ತಮಾ?” ಎಂದಳು ಅಜ್ಜಿ. ನಾಚಿಕೆಯಾಯಿತು. ನೆಲದ ಮೇಲೆ ಕುಳಿತು, ಮೊಬೈಲನ್ನು ಅವಳ ಕಣ್ಣಿನ ಮಟ್ಟಕ್ಕೆ ತಂದು, ನಾಲ್ಕೈದು ಅಡಿ ಹಿಂದೆ ಸರಿದು ಮತ್ತೆ ತೆಗೆದೆ. ತೀರ ಹತ್ತಿರದಿಂದ ತೆಗೆದರೆ ಮೂಗು ಉಬ್ಬಿ ಕಾಣುತ್ತದೆ. ಈ ಸಲ ಅಜ್ಜಿ ಅಜ್ಜಿಯಂತೆಯೇ ಇದ್ದಳು.

ಇದರ ಸೂತ್ರ ಸರಳ. ಮುಖಕ್ಕೆ ಕಣ್ಣಿನ ಮಟ್ಟ. ಸೊಂಟದವರೆಗಿನ ಚಿತ್ರಕ್ಕೆ ಎದೆಯ ಮಟ್ಟ. ಅಡಿಯಿಂದ ಮುಡಿಯವರೆಗೆ ಬೇಕಾದರೆ ಸೊಂಟದ ಮಟ್ಟ. ಹಿಂದಿನ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಸಾಮಾನ್ಯವಾಗಿ ಎದೆಯ ಕೆಳಗೆ ಹಿಡಿದು, ತಲೆ ಬಗ್ಗಿಸಿ ಅದರ ಗಾಜಿನಲ್ಲಿ ನೋಡುತ್ತಿದ್ದರು. ಮೊಬೈಲು ನಮಗೆ ಬಗ್ಗುವುದನ್ನು ಕಲಿಸಲಿಲ್ಲ.

ಮೇಲಿನಿಂದ ತೆಗೆದರೆ ಮುಖ ತೆಳ್ಳಗೆ ಕಾಣುತ್ತದೆಂದು ಗೆಳೆಯರು ವಾದಿಸುತ್ತಾರೆ. ನಿಜ, ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುವಾಗ ಅದು ಅವರವರ ಇಷ್ಟ. ಬುಟ್ಟಿ ಹೆಣೆಯುವ ಕೈಗಳನ್ನು ತೋರಿಸಲೂ ಮೇಲಿನ ನೋಟ ಬೇಕಾದೀತು. ಆದರೆ ನಾಯಕರನ್ನು ಕೆಳಗಿನಿಂದ ತೆಗೆದು ಹಿಗ್ಗಿಸುವುದು, ನೆಲದ ಮೇಲೆ ಕುಳಿತು ದುಡಿಯುವವರನ್ನು ಮೇಲಿನಿಂದ ತೆಗೆದು ಕುಗ್ಗಿಸುವುದು ನಮಗೆ ರೂಢಿಯಾಗಿಬಿಟ್ಟಿದೆ. ಅದು ಸಲ್ಲದು.

ನಮ್ಮ ನೆರೆಯ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಬರಿಗಾಲಿನಲ್ಲಿ ಹೋಗಿ ಪದ್ಮಶ್ರೀ ಪಡೆದರು. ಆ ಚಿತ್ರವನ್ನು ದೇಶವೇ ಮೆಚ್ಚಿತು. ಆದರೆ ಅವರ ಬಾಳು ಕಳೆದದ್ದು ಸಸಿಗಳ ನಡುವೆ, ನೆಲದ ಮಟ್ಟದಲ್ಲಿ. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಇನ್ನು ಉಳಿಯುವುದು ಚಿತ್ರಗಳೇ. ಸಸಿಗಳ ನಡುವೆ ಕುಳಿತವರ ಮುಖ ಕಾಣಬೇಕಾದರೆ ತೆಗೆಯುವವನ ಮೊಣಕಾಲಿಗೂ ಮಣ್ಣು ತಗಲಬೇಕು.

ನಮ್ಮ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾವೇ ಮೊದಲಿಗರು. ಹಿರಿಯರು ನಮ್ಮನ್ನು ಎತ್ತರಕ್ಕೆ ಏರಿಸಿದ್ದು ಅಲ್ಲಿಂದ ತಮ್ಮನ್ನು ಕೀಳಾಗಿ ನೋಡಲೆಂದೇ? ಗೆಳೆಯರೇ, ಈ ರಜೆಯಲ್ಲಿ ಮನೆಯ ಹಿರಿಯರದೊಂದು ಚಿತ್ರ ತೆಗೆಯಿರಿ. ಅದಕ್ಕೆ ಮೊದಲು ಅವರೆದುರು ಕುಳಿತುಕೊಳ್ಳಿರಿ.