ವೃತ್ತಗಳ ಹೊರಗಿನ ಐವರು

ಮೊನ್ನೆ ನಂದಿನಿ ಲೇಔಟಿನ ನಮ್ಮ ಮನೆಗೆ ನೆರೆಮನೆಯ ಹುಡುಗಿ ಪ್ರಥಮ ಪಿಯುಸಿಯ ಗಣಿತ ಪುಸ್ತಕ ಹಿಡಿದು ಬಂದಳು. ಮೊದಲ ಅಧ್ಯಾಯವೇ ಗಣಗಳು. ನಾನೊಂದು ಲೆಕ್ಕ ಕೊಟ್ಟೆ: ತರಗತಿಯ 40 ಮಕ್ಕಳಲ್ಲಿ ಕನ್ನಡ ಪತ್ರಿಕೆ ಓದುವವರು 25, ಇಂಗ್ಲಿಷ್ ಪತ್ರಿಕೆ ಓದುವವರು 18, ಎರಡನ್ನೂ ಓದುವವರು 8, ಯಾವುದನ್ನೂ ಓದದವರೆಷ್ಟು? ಸೂತ್ರವನ್ನು ಮಂತ್ರದಂತೆ ಒಪ್ಪಿಸಿದಳು. ವೆನ್ ನಕ್ಷೆಯಲ್ಲಿ ಮಾತ್ರ, ಕನ್ನಡವನ್ನಷ್ಟೇ ಓದುವವರ ಜಾಗದಲ್ಲಿ 25 ಎಂದೇ ಬರೆದಳು.

ಸೂತ್ರ ಕೊನೆಗೆ ಬರಬೇಕೆಂಬುದು ನನ್ನ ಅಭಿಪ್ರಾಯ. ಮೊದಲು ಮಗು 25ಕ್ಕೆ 18 ಕೂಡಿಸಲಿ, 43 ಬರಲಿ. ಇರುವವರೇ 40, ಹೆಚ್ಚಿನ ಮೂವರು ಎಲ್ಲಿಂದ ಬಂದರೆಂದು ತಾನೇ ಬೆರಗಾಗಲಿ. 8 ಮಂದಿಯನ್ನು ಎರಡು ಬಾರಿ ಎಣಿಸಿದ್ದು ಆಗ ಹೊಳೆಯುತ್ತದೆ. ನಡುವೆ 8, ಇಕ್ಕೆಲಗಳಲ್ಲಿ 17 ಮತ್ತು 10, ಒಟ್ಟು 35.

ಹಿಂದೊಮ್ಮೆ ಹೀಗೆಯೇ ಎಣಿಸಿ ಸರಿಯುತ್ತರ ಬರೆದ ಹುಡುಗನಿಗೆ, ಸೂತ್ರ ಬರೆದಿಲ್ಲವೆಂದು ಎರಡು ಅಂಕ ಕಳೆದವನು ನಾನೇ. ಅವನು ಇದನ್ನು ಓದುತ್ತಿದ್ದರೆ ಕ್ಷಮಿಸಲಿ.

ಉಳಿದ 5 ಮಂದಿಗೆ ಸ್ಥಳವೆಲ್ಲಿ? ವಿಶ್ವ ಗಣದ ಆಯತವನ್ನು ಎಳೆಯುವುದನ್ನೇ ಬಹುಮಂದಿ ಮರೆಯುತ್ತಾರೆ. ಹುಡುಗಿ ಆಯತ ಎಳೆದಳು, ಮೂಲೆಯಲ್ಲಿ 5 ಬರೆದಳು. ಒಂದು ಕ್ಷಣ ತಡೆದು, “ಸರ್, ಇವರ ಮನೆಗೆ ಪೇಪರೇ ಬರಲ್ವೇನೋ” ಎಂದಳು.